ಬೀಫ್ ಫ್ರೈ ಇನ್ನು ವಾರಕ್ಕೆ ಎರಡೇ ದಿನ

ಆತ್ಮೀಯ ಗ್ರಾಹಕರೇ,

ಬರುವ 1ನೇ ತಾರೀಕಿನಿಂದ ಕಾಸರಗೋಡಿನ ನಮ್ಮ ಅಡುಗೆಮನೆಯಲ್ಲಿ ಬೀಫ್ ಫ್ರೈ ಬುಧವಾರ ಮತ್ತು ಭಾನುವಾರ ಮಾತ್ರ ಸಿಗುತ್ತದೆ. ಪೊಟ್ಟಣ 200 ಗ್ರಾಂ ಇದ್ದದ್ದು 150 ಆಗುತ್ತದೆ, ಬೆಲೆಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ದಿನಾ ತರಿಸಿಕೊಳ್ಳುವವರು ಸಿಟ್ಟಾಗುತ್ತೀರಿ ಅಂತ ಗೊತ್ತು.

ಬೀಫಿನಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಪ್ರೋಟೀನು, ಸತು, ಬಿ12, ಜೊತೆಗೆ ಸೊಪ್ಪು-ಕಾಳಿನದಕ್ಕಿಂತ ಸುಲಭವಾಗಿ ಮೈಗೆ ಹತ್ತುವ ಕಬ್ಬಿಣ. ಆದರೆ ಕೆಂಪು ಮಾಂಸ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಹೇಳಿದೆ. ಬೇಯಿಸಿದ ತೂಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ದಾಟಬೇಡಿ ಎನ್ನುವುದು ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್‌ನ ಸಲಹೆ. ನಮ್ಮ ಎರಡು ಪೊಟ್ಟಣ ತಿಂದರೂ ಅದರೊಳಗೇ ಇರುತ್ತೀರಿ.

ಇನ್ನು ಎಣ್ಣೆ. ತೆಂಗಿನೆಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು, ಅಂದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಆ ಕೊಬ್ಬಿನ ಮಿತಿ ಸುಮಾರು 22 ಗ್ರಾಂ. ಎರಡು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ ಅದು ಮುಗಿದುಹೋಗುತ್ತದೆ, ಮಾಂಸದ ಕೊಬ್ಬು ಬೇರೆ. ಸೂರ್ಯಕಾಂತಿ ಎಣ್ಣೆ ಹಾಕಿ ಅಂದವರ ಮಾತು ಕೇಳಿ ಮಾಡಿ ನೋಡಿದೆವು. ಕ್ಷಮಿಸಿ, ಅದಕ್ಕೆ ಬೀಫ್ ಫ್ರೈ ಅನ್ನಲು ಮನಸ್ಸು ಬರಲಿಲ್ಲ.

ಹಾಗಾಗಿ ದಾರಿ ಬದಲಿಸಿದ್ದೇವೆ. ಹಿಂದಿನ ಸಂಜೆಯೇ ಮಾಂಸವನ್ನು ಅರಿಸಿನ, ಕೊತ್ತಂಬರಿ ಪುಡಿ, ಶುಂಠಿ ಹಾಕಿ ಬೇಯಿಸಿ ಫ್ರಿಜ್ಜಿನಲ್ಲಿಡುತ್ತೇವೆ. ಬೆಳಿಗ್ಗೆ ರಸದ ಮೇಲೆ ಬಿಳಿ ಕೊಬ್ಬು ಹೆಪ್ಪುಗಟ್ಟಿರುತ್ತದೆ. ಅದನ್ನು ತೆಗೆದು, ಉಳಿದ ರಸದಲ್ಲೇ ಮಾಂಸ ಬತ್ತಿಸಿ, ಕೊನೆಗೆ ಸ್ವಲ್ಪವೇ ತೆಂಗಿನೆಣ್ಣೆಯಲ್ಲಿ ಸಣ್ಣ ಈರುಳ್ಳಿ, ಕರಿಬೇವು, ತೆಂಗಿನಕಾಯಿ ಚೂರಿನ ಜೊತೆ ಹುರಿಯುತ್ತೇವೆ. ಬಣ್ಣ ಗಾಢ ಕಂದಾದ ಕೂಡಲೇ ಒಲೆ ಆರಿಸುತ್ತೇವೆ, ಸೀಯಲು ಬಿಡುವುದಿಲ್ಲ. ಉಪ್ಪು ಕಡಿಮೆ ಮಾಡಿ ಒಳ್ಳೆಮೆಣಸು ಹೆಚ್ಚಿಸಿದ್ದೇವೆ. ಮಸಾಲೆಯಿಂದ ಮೈ ಹಾಳು ಅನ್ನುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಹೊಟ್ಟೆ ಹುಣ್ಣು, ಎದೆಯುರಿ ಇದ್ದವರ ವಿಷಯ ಬೇರೆ.

ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ಊದಿ ನೋಯುವ ಕಾಯಿಲೆ) ಅಥವಾ ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಆರ್ಡರ್ ಮಾಡಿ. ಜೊತೆಗೆ ಪೊರೋಟ ಬದಲು ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಸಲಾಡ್ ಕೊಡುತ್ತೇವೆ. ಪೊರೋಟವೇ ಬೇಕೆಂದರೆ ಕೇಳಿ, ಇಲ್ಲ ಅನ್ನುವುದಿಲ್ಲ.

ಉಳಿದ ದಿನ ಬೂತಾಯಿ, ಬಂಗುಡೆ ಇರುತ್ತದೆ. ತಿಂಗಳ ಹಣ ಮೊದಲೇ ಕೊಟ್ಟವರಿಗೆ ವ್ಯತ್ಯಾಸದ ಮೊತ್ತ ವಾಪಸ್, ಬೇಡವೆಂದರೆ ಮೀನಿನ ಊಟಕ್ಕೆ ಜಮಾ. ಬೀಫ್ ಬೇಕಾದವರು ಹಿಂದಿನ ದಿನ ಮಧ್ಯಾಹ್ನ 3 ಗಂಟೆಯೊಳಗೆ ತಿಳಿಸಿ. ಸಂಜೆ ಕುಕ್ಕರ್ ಇಟ್ಟ ಮೇಲೆ ಸೇರಿಸಲಾಗದು.

ಇಂತಿ,
ಅಡುಗೆಮನೆಯ ಬಳಗ