ಭಾನುವಾರದ ಪ್ರತಿಬಿಂಬ ಚಿತ್ರೀಕರಣ: ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ ಎಲ್ಲರೂ ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಸೇರಬೇಕೆಂದು ಕೋರುತ್ತೇನೆ. ನಮ್ಮ ಭಾಗದಲ್ಲಿ ಬಿಸಿಲೇರಿ ನೆಲ ಕಾಯುತ್ತಿದ್ದಂತೆ ಗಾಳಿ ಎದ್ದು ನೀರು ಕದಡುವುದರಿಂದ, ತಡವಾಗಿ ಬಂದವರಿಗೆ ಅಲೆಗಳಷ್ಟೇ ಸಿಗುತ್ತವೆ.

ಕಳೆದ ಬಾರಿಯ ಹಲವು ಚಿತ್ರಗಳಲ್ಲಿ ನೀರಿನ ಮೇಲೆ ತೇಲುವ ಎಲೆ ಸ್ಪಷ್ಟವಾಗಿ ಮೂಡಿ, ಮರದ ಬಿಂಬ ಮಸುಕಾಗಿತ್ತು. ಬಿಂಬವು ನೀರಿನ ಮೇಲ್ಮೈಯಲ್ಲಿ ಅಂಟಿಕೊಂಡಿರುವುದಿಲ್ಲ. ಕ್ಯಾಮೆರಾದಿಂದ ನೀರಿಗಿರುವ ದೂರಕ್ಕೆ ನೀರಿನಿಂದ ಮರಕ್ಕಿರುವ ದೂರವನ್ನು ಕೂಡಿಸಿದರೆ ಎಷ್ಟಾಗುತ್ತದೆಯೋ ಅಷ್ಟು ದೂರಕ್ಕೆ ಫೋಕಸ್ ಮಾಡಬೇಕು. ಮೊಬೈಲ್ ಬಳಸುವವರು ಪರದೆಯಲ್ಲಿ ಬಿಂಬದ ಮೇಲೆಯೇ ಬೆರಳಿಟ್ಟರೆ ಸಾಕು. ಬಿಂಬವು ಮೂಲಕ್ಕಿಂತ ಮಬ್ಬಾಗಿರುವುದರಿಂದ ಬೆಳಕನ್ನು ಆಕಾಶಕ್ಕೆ ಹೊಂದಿಸಿಕೊಳ್ಳಿ. ಇಲ್ಲವಾದರೆ ಆಕಾಶ ಬರೀ ಬಿಳುಪಾಗುತ್ತದೆ.

ಪೋಲರೈಸರ್ ಫಿಲ್ಟರ್ (ಹೊಳಪು ತಗ್ಗಿಸಲು ಲೆನ್ಸ್ ಮುಂದೆ ಹಾಕಿ ತಿರುಗಿಸುವ ಗಾಜು) ಇರುವವರಲ್ಲಿ ವಿಶೇಷ ವಿನಂತಿ: ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡುವಾಗ ಅದನ್ನು ತಿರುಗಿಸಿದರೆ ಬಿಂಬವೇ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಹಾಗಾಗಿ ತಿರುಗಿಸುತ್ತ ಗಮನವಿಟ್ಟು ನೋಡಿ, ಅಥವಾ ತೆಗೆದೇಬಿಡಿ. ಕ್ಯಾಮೆರಾವನ್ನು ನೀರಿನ ಹತ್ತಿರಕ್ಕೆ ಇಳಿಸಿದಷ್ಟೂ ಬಿಂಬ ಗಾಢವಾಗುತ್ತದೆಂಬುದು ನನಗೆ ಅತಿ ಪ್ರಿಯವಾದ ಸಂಗತಿ. ಆದರೆ ಜಾರುವ ಮೆಟ್ಟಿಲಿಗೆ ಯಾರೂ ಇಳಿಯಬಾರದು.

ಅಲ್ಲಿಂದ ನಗರದ ಸೂಪರ್ ಮಾರ್ಕೆಟ್ ಪ್ರದೇಶಕ್ಕೆ ಹೋಗೋಣ. ಒಳಗೆ ಮಬ್ಬು, ಹೊರಗೆ ಬಿಸಿಲು ಇರುವ ಅಂಗಡಿಯ ಗಾಜಿನಲ್ಲಿ ಬೀದಿ ಚೆನ್ನಾಗಿ ಮೂಡುತ್ತದೆ. ನಿಮ್ಮದೇ ಬಿಂಬ ಚಿತ್ರದೊಳಗೆ ಬಾರದಂತೆ ಓರೆಯಾಗಿ ನಿಂತು, ಅಂಗಡಿಯವರ ಒಪ್ಪಿಗೆ ಪಡೆದ ಮೇಲೆಯೇ ಚಿತ್ರ ತೆಗೆಯಿರಿ.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಬೇಕು.