ನೇಪಾಳಕ್ಕೆ ಹೊರಟ ಕಾವ್ಯಳಿಗೆ

ಚಿ. ಕಾವ್ಯಳಿಗೆ ದೊಡ್ಡಮ್ಮನ ಆಶೀರ್ವಾದ.

ನೇಪಾಳದಲ್ಲಿ ಮಕ್ಕಳ ಪೌಷ್ಟಿಕ ಆಹಾರದ ಕೆಲಸ ನಿನಗೆ ಸಿಕ್ಕಿದ್ದು ಕೇಳಿ ಹೊಟ್ಟೆ ತುಂಬಿತು. ನೀನು ಓದಿಕೊಂಡವಳು. ಆದರೆ ನಾನು ಹನ್ನೆರಡು ವರ್ಷ ಆಶಾ ಕಾರ್ಯಕರ್ತೆಯಾಗಿ ಮನೆಮನೆ ತಿರುಗಿದವಳು. ಎರಡು ಮಾತು ಹೇಳದೆ ಕಳಿಸಲಾರೆ.

ನಾವು ಇಲ್ಲಿ ಕೂಸುಗಳಿಗೆ ಕೊಡುತ್ತಿದ್ದದ್ದು ಕಬ್ಬಿಣದ ಸಿರಪ್. ವಾರಕ್ಕೆ ಎರಡು ಸಲ, ಒಂದೊಂದು ಎಂ.ಎಲ್. ಒಂದು ಮನೆಯಲ್ಲಿ ಒಂಬತ್ತು ತಿಂಗಳ ಮಗು. ಬಾಯಿಗೆ ಬಿಟ್ಟ ತಕ್ಷಣ ಮುಖ ಕಿವುಚಿ ಉಗಿಯಿತು. ಅಂಗಿಯ ಮೇಲೆಲ್ಲ ಕಂದು ಕಲೆ. ಎರಡು ವಾರ ಬಿಟ್ಟು ಹೋದರೆ ಬಾಟಲಿ ಗೋಡೆಗೂಡಿನಲ್ಲಿ ಹಾಗೇ ಇತ್ತು, ಮುಚ್ಚಳ ಅಂಟಿಕೊಂಡಿತ್ತು. "ಕಕ್ಕ ಕಪ್ಪಗಾಯ್ತು ಅಕ್ಕಾ, ಹೆದರಿ ನಿಲ್ಲಿಸಿಬಿಟ್ಟೆ" ಅಂದಳು ತಾಯಿ. ಕಬ್ಬಿಣ ಹೊಟ್ಟೆಗೆ ಹೋದರೆ ಕಕ್ಕ ಕಪ್ಪಗಾಗುತ್ತದೆ, ಹೆದರಬೇಡ ಅಂತ ನಾನು ಮೊದಲೇ ಹೇಳಿರಲಿಲ್ಲ. ತಪ್ಪು ನನ್ನದೇ. ಅಲ್ಲಿ ನೀನು ಕೊಡುವುದು ಸಿರಪ್ ಅಲ್ಲ, ಊಟಕ್ಕೆ ಬೆರೆಸುವ ಕಬ್ಬಿಣದ ಪುಡಿಯ ಪೊಟ್ಟಣ. ಅದನ್ನು ಕೈಗಿಡುವ ದಿನವೇ ಇದನ್ನು ಹೇಳು. ಅಜ್ಜಿಯ ಎದುರಿಗೇ ಹೇಳು. ನಿಲ್ಲಿಸು ಅನ್ನುವುದು ಜಾಸ್ತಿ ಅವರೇ.

ಟೊರೊಂಟೊದ ಮಕ್ಕಳ ಡಾಕ್ಟರು ಸ್ಟ್ಯಾನ್ಲಿ ಝ್ಲಾಟ್ಕಿನ್ 1990ರ ದಶಕದಲ್ಲಿ ಈ ಪುಡಿ ಮಾಡಿದ್ದೂ ಸಿರಪ್ಪಿನ ಈ ಗೋಳು ನೋಡಿಯೇ. ಕಬ್ಬಿಣದ ಕಣಕ್ಕೆ ಕೊಬ್ಬಿನ ತೆಳು ಪದರ ಇರುತ್ತದೆ. ಊಟಕ್ಕೆ ಬೆರೆಸಿದರೂ ರುಚಿ ಕೆಡುವುದಿಲ್ಲ. ನೇಪಾಳದಲ್ಲಿ ಅದು 'ಬಾಲ ವೀಟಾ', 15 ಬಗೆಯ ವಿಟಮಿನ್ ಮತ್ತು ಖನಿಜ ಸೇರಿದ್ದು. ಆರು ತಿಂಗಳು ತುಂಬಿದಾಗ 60 ಪೊಟ್ಟಣ, ದಿನಕ್ಕೊಂದು. ಹನ್ನೆರಡಕ್ಕೆ, ಹದಿನೆಂಟಕ್ಕೆ ಮತ್ತೆ ಅಷ್ಟೇ.

ಸುಲಭ ಅನಿಸುತ್ತದೆ, ಅಲ್ವಾ? ಕೆಡುವುದು ಒಲೆಯ ಹತ್ತಿರ. ಅಲ್ಲಿ ಅಕ್ಕಿ-ಬೇಳೆ ಮೆತ್ತಗೆ ಬೇಯಿಸಿದ 'ಜಾವುಲೋ' ತಿನ್ನಿಸುತ್ತಾರೆ. ಕುದಿಯುವುದಕ್ಕೇ ಪುಡಿ ಹಾಕಿದರೆ ಪದರ ಕರಗಿ ಕಬ್ಬಿಣದ ರುಚಿ ಬರುತ್ತದೆ. ಹಾಲಿಗೆ ಹಾಕಿದರೆ ತೇಲಿ ಲೋಟಕ್ಕೆ ಅಂಟುತ್ತದೆ. ಮಗು ಖಂಡಿತ ತಿನ್ನುವ ಮೊದಲ ನಾಲ್ಕು ತುತ್ತು ಬೇರೆ ತೆಗೆದು, ಬಿಸಿ ಆರಿಸಿ, ಅದಕ್ಕೆ ಮಾತ್ರ ಕಲಸಿಸು. ಇಡೀ ಬಟ್ಟಲಿಗೆ ಕಲಸಿದರೆ ಉಳಿದ ಊಟದ ಜೊತೆ ಪುಡಿಯೂ ಉಳಿಯುತ್ತದೆ. ಅರ್ಧ ಗಂಟೆಯೊಳಗೆ ತಿನ್ನಿಸಿ ಮುಗಿಸಬೇಕು. ಸುಮ್ನೆ ಹೇಳಿ ಬರಬೇಡ, ತಾಯಿಯ ಕೈಯಿಂದಲೇ ಮಾಡಿಸಿ ನೋಡು.

ಇನ್ನೊಂದು ಮಾತು. ಪುಡಿಯಿಂದ ರಕ್ತಹೀನತೆ ಕಡಿಮೆಯಾಗುತ್ತದೆ. ಮಗು ದಪ್ಪಗಾಗುತ್ತದೆ, ಉದ್ದ ಬೆಳೆಯುತ್ತದೆ ಅಂತ ಮಾತ್ರ ಮಾತು ಕೊಡಬೇಡ. ಅದಕ್ಕೆ ಊಟವೇ ಬೇಕು. ಅವರಲ್ಲಿ 'ಸರ್ವೋತ್ತಮ ಪಿಠೋ' ಇದೆ. ಎರಡು ಪಾಲು ಸೋಯಾ ಇಲ್ಲವೇ ಬೇರೆ ಕಾಳು, ಒಂದು ಪಾಲು ಗೋಧಿ, ಒಂದು ಪಾಲು ಮುಸುಕಿನ ಜೋಳ, ಹುರಿದು ಬೀಸಿದ್ದು. ನಮ್ಮ ಹುರಿಹಿಟ್ಟಿನ ನೆಂಟ. ಅದನ್ನು ಹೊಗಳು. ಪೊಟ್ಟಣ ಬಂತು ಅಂತ ಆ ಹಿಟ್ಟು ಮೂಲೆ ಸೇರಬಾರದು.

ಅಲ್ಲಿ 1988ರಿಂದ ಹಳ್ಳಿಯ ಹೆಂಗಸರೇ ಆರೋಗ್ಯ ಸ್ವಯಂಸೇವಕಿಯರಾಗಿ ದುಡಿಯುತ್ತಿದ್ದಾರೆ, ಸಂಬಳವಿಲ್ಲದೆ. ಮೊದಲ ತಿಂಗಳು ಅವರ ಹಿಂದೆ ನಡೆ. ಯಾವ ಮನೆಯ ಬಾಗಿಲು ಯಾವ ಹೊತ್ತಿಗೆ ತಟ್ಟಬೇಕು ಅನ್ನುವುದು ಅವರಿಗೆ ಗೊತ್ತು.

ಹೊರಡುವ ಮುಂಚೆ ಎರಡು ದಿನ ಊರಿಗೆ ಬಾ. ಪಕ್ಕದ ಮನೆಯಲ್ಲಿ ಏಳು ತಿಂಗಳ ಕೂಸಿದೆ. ಅದಕ್ಕೆ ರಾಗಿ ಸರಿ ನೀನೇ ತಿನ್ನಿಸುವೆಯಂತೆ.

ನಿನ್ನ ದೊಡ್ಡಮ್ಮ