ಗಡ್ಡೆ ಸುಲಿಯುವ ಹೊತ್ತಿಗೇ ಹೋಗು

ಚಿ. ಸುಮಂತನಿಗೆ ಅತ್ತೆಯ ಆಶೀರ್ವಾದಗಳು.

ಜಪಾನಿನ ನಿಮ್ಮ ವಿಶ್ವವಿದ್ಯಾಲಯದಲ್ಲಿ ಹೊರದೇಶದ ಮಕ್ಕಳನ್ನೂ ಸೇರಿಸಿಕೊಂಡು ಇಮೊನಿಕಾಯ್, ಅಂದರೆ ಹೊಳೆ ದಂಡೆಯಲ್ಲಿ ಇಮೊನಿ ಅನ್ನೋ ಗಡ್ಡೆ ಸಾರು ಬೇಯಿಸಿ ಉಣ್ಣೋ ಕೂಟ ಮಾಡ್ತಾರೆ, ಮಾಂಸ ತಿನ್ನದ ನಾನು ಅಲ್ಲಿಗೆ ಹೋಗಿ ಏನು ಮಾಡಲಿ ಅಂತ ಕೇಳಿದ್ದೀಯ. ಹೋಗು ಮರಿ. ಆದರೆ ಊಟದ ಹೊತ್ತಿಗೆ ಬಟ್ಟಲು ಹಿಡಿದುಕೊಂಡಲ್ಲ, ಗಡ್ಡೆ ಸುಲಿಯುವ ಹೊತ್ತಿಗೇ ಹೋಗು. ಬಟ್ಟಲು ಹಿಡಿದು ನಿಂತವನಿಗೆ ರುಚಿಯಷ್ಟೇ ಸಿಗುತ್ತೆ. ಪಕ್ಕದಲ್ಲಿ ಕೂತು ಸುಲಿದವನಿಗೆ ಊರಿನ ಜಗಳವೂ ಸಿಗುತ್ತೆ.

ಜಗಳ ಅಂದೆನಲ್ಲ, ಅದು ಇಷ್ಟು. ಯಾಮಾಗಾತಾದ ಒಳನಾಡಿನವರು ಇಮೊನಿಗೆ ದನದ ಮಾಂಸ, ಶೋಯು (ಸೋಯಾ ಸಾಸ್), ಸಕ್ಕರೆ ಹಾಕುತ್ತಾರೆ. ಅದೇ ಪ್ರಾಂತ್ಯದ ಕಡಲ ಕಡೆಯ ಶೋನಾಯ್‌ನಲ್ಲಿ ಹಂದಿ ಮಾಂಸ ಮತ್ತು ಮಿಸೊ, ಅಂದರೆ ಹುದುಗಿಸಿದ ಸೋಯಾ ಮುದ್ದೆ. ನೀನಿರುವ ಸೆಂದಾಯ್‌ನಲ್ಲೂ ಹಂದಿ, ಮಿಸೊ, ಜೊತೆಗೆ ಮೂಲಂಗಿ, ಕ್ಯಾರೆಟ್. 'ಅದು ಇಮೊನಿಯಲ್ಲ, ಬರೀ ತೊಂಜಿರು' ಅಂತ ಯಾಮಾಗಾತಾದವರು ಛೇಡಿಸುತ್ತಾರೆ. ತೊಂಜಿರು ಅಂದರೆ ದಿನಬಳಕೆಯ ಹಂದಿ ಮಾಂಸದ ಸಾರು. 'ನಿಮ್ಮ ಮನೇಲಿ ಶೋಯುನೋ ಮಿಸೊನೋ' ಅಂತ ಒಂದು ಮಾತು ಕೇಳು, ಮಾತಾಡದೆ ಕೂತವರೂ ಬಾಯಿ ಬಿಡ್ತಾರೆ. ಯಾಮಾಗಾತಾ ನಗರದಲ್ಲಿ ಮಾಮಿಗಾಸಾಕಿ ನದಿ ದಂಡೆಯ ಮೇಲೆ ಪ್ರತಿ ಸೆಪ್ಟೆಂಬರ್‌ನಲ್ಲಿ 6.5 ಮೀಟರ್ ಅಗಲದ ಕೊಪ್ಪರಿಗೆಯಲ್ಲಿ ಇಮೊನಿ ಬೇಯಿಸಿ ಜೆಸಿಬಿಯಂಥ ಯಂತ್ರದಲ್ಲಿ ಎತ್ತಿ ಬಡಿಸುತ್ತಾರೆ. ಅಡುಗೆಗೆಂದೇ ಇಟ್ಟ ಯಂತ್ರ ಅದು, ಕೀಲಿಗೆ ಹಾಕುವ ಜಿಡ್ಡು ಕೂಡ ತಿನ್ನುವಂಥದ್ದೇ. ಸೆಂದಾಯ್‌ನಲ್ಲಿ ಈ ಕಾಲಕ್ಕೆ ಅಂಗಡಿಗಳ ಮುಂದೆ ಸೌದೆ ಕಟ್ಟು ಪೇರಿಸಿಟ್ಟಿರುವುದನ್ನು ನೋಡಿರ್ತೀಯ, ಅದೂ ಇದಕ್ಕೇ.

ಗಡ್ಡೆಯ ಹೆಸರು ಸಾತೊಇಮೊ. ಹೆದರಬೇಡ, ನಮ್ಮ ಕೆಸುವಿನ ಗಡ್ಡೆಯೇ. ಹೊಸ ಹುಡುಗರು ಅದನ್ನು ನೀರಲ್ಲಿ ತೊಳೆದು ಒದ್ದೆ ಇರುವಾಗಲೇ ಸುಲಿಯೋಕೆ ಕೂರುತ್ತಾರೆ; ಹತ್ತು ನಿಮಿಷಕ್ಕೆ ಕೈಯೆಲ್ಲಾ ತುರಿಕೆ, ಗಡ್ಡೆ ಜಾರಿ ಚಾಕು ಬೆರಳಿಗೆ. ಮೊದಲು ಮಣ್ಣು ತೊಳೆದು ಪೇಪರ್ ಮೇಲೆ ಹರಡಿ ಪೂರ್ತಿ ಒಣಗಿಸು. ಎರಡೂ ತುದಿ ಕತ್ತರಿಸಿ ಉದ್ದಕ್ಕೆ, ಸ್ವಲ್ಪ ದಪ್ಪವಾಗೇ ಸುಲಿ. ತುರಿಸೋದು ಸಿಪ್ಪೆಯ ಒಳಮೈಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳಿಂದ. ಕೈಗೆ ಮೊದಲೇ ವಿನೆಗರ್ ಸವರಿಕೋ. ನಾವು ಕೆಸುವಿಗೆ ಹುಳಿ ಹಾಕೋದು ಯಾಕೆ ಅಂತ ನಿನಗೆ ಗೊತ್ತಲ್ಲ, ಅದೇ ಲೆಕ್ಕ.

ಈಗ ನಿನ್ನ ಊಟದ ಮಾತು. ಅಲ್ಲಿ 'ಮಾಂಸ ಬೇಡ' ಅಂದರೆ ಮಾಂಸದ ಚೂರು ತೆಗೆದು ಅದೇ ಸಾರು ಬಡಿಸಿಯಾರು. ಅವರದು ಕೆಟ್ಟ ಮನಸ್ಸಲ್ಲ, ಸಾರಿನ ನೀರನ್ನು ಅವರು ಮಾಂಸದ ಲೆಕ್ಕಕ್ಕೆ ಹಿಡಿಯೋದೇ ಇಲ್ಲ. ಬೋನಿಟೊ ಮೀನಿನ ದಾಶಿ, ಅಂದರೆ ಸಾರಿಗೆ ಮೂಲವಾಗುವ ರಸ, ಅದರ ಕಥೆಯೂ ಅಷ್ಟೇ. 'ಸಕಾನಾ ನೋ ದಾಶಿ ಮೋ ದಮೆ ದೆಸು', ಮೀನಿನ ದಾಶಿಯೂ ಆಗೋಲ್ಲ, ಅಂತ ಒಂದು ವಾರ ಮೊದಲೇ ಹೇಳಿಬಿಡು. ಒಂದು ಸಣ್ಣ ಪಾತ್ರೆ, ಒಂದು ಸೌಟು ಬೇರೆ ಕೇಳಿ ಇಟ್ಟುಕೋ. ಮಿಸೊ ಕೊಳ್ಳುವಾಗ 'ದಾಶಿ ಇರಿ' (ದಾಶಿ ಸೇರಿಸಿದ್ದು) ಅನ್ನೋದನ್ನು ಬಿಡು, ಅದರಲ್ಲಿ ಬಹುತೇಕ ಮೀನಿನ ಸತ್ವವೇ ಇರುತ್ತೆ.

ನಾಲ್ಕು ಜನಕ್ಕೆ ಹೀಗೆ ಮಾಡು. ಹಿಂದಿನ ರಾತ್ರಿ 1 ಲೀಟರ್ ನೀರಿಗೆ 10 ಗ್ರಾಂ ಕೊಂಬು ಅನ್ನೋ ಒಣ ಕಡಲಪಾಚಿ, ನಾಲ್ಕು ಒಣ ಶೀತಾಕೆ ಅಣಬೆ ಹಾಕಿ ಫ್ರಿಜ್‌ನಲ್ಲಿಡು. ಬೆಳಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮುಂಚೆ ಕೊಂಬು ತೆಗೆದುಬಿಡು. ಕುದ್ದರೆ ಲೋಳೆ ಬಿಟ್ಟು ಸಮುದ್ರದ ವಾಸನೆ ಹೊಡೆಯುತ್ತೆ. 500 ಗ್ರಾಂ ಗಡ್ಡೆಯನ್ನು ಬೇರೆ ನೀರಲ್ಲಿ ಐದು ನಿಮಿಷ ಕುದಿಸಿ ತೊಳೆ, ಇಲ್ಲದಿದ್ದರೆ ಅದರ ಲೋಳೆಗೆ ಪಾತ್ರೆ ಉಕ್ಕಿ ಬೆಂಕಿ ಆರುತ್ತೆ. ಕೊನ್ನ್ಯಾಕು ಅನ್ನೋ ಜೆಲ್ಲಿಯ ಒಂದು ಅಚ್ಚನ್ನು ಚಾಕುವಿನಲ್ಲಿ ಕೊಯ್ಯಬೇಡ, ಕೈಯಲ್ಲಿ ಹರಿ. ಒರಟು ಅಂಚಿಗೆ ರಸ ಹಿಡಿಯುತ್ತೆ. ಅದನ್ನೂ ಎರಡು ಮೂರು ನಿಮಿಷ ಕುದಿಸಿ ನೀರು ಚೆಲ್ಲು. ಕೊನ್ನ್ಯಾಕು ನೋಡಿ ಇದೇನು ಪ್ರಾಣಿಯದೋ ಅಂತ ಅನುಮಾನ ಪಡಬೇಡ. ಸುವರ್ಣಗಡ್ಡೆಯ ದಾಯಾದಿ ಅದು, ಪುಡಿ ಮಾಡಿ ಸುಣ್ಣದ ನೀರಲ್ಲಿ ಗಟ್ಟಿ ಮಾಡಿದ್ದು. ಕುದಿಸಿ ಚೆಲ್ಲೋದು ಆ ಸುಣ್ಣದ ಘಾಟು ಹೋಗಲಿ ಅಂತ. ಕಪ್ಪು ಚುಕ್ಕೆ ಕಂಡರೆ ಅದು ಹಿಜಿಕಿ ಪಾಚಿ.

ದಾಶಿಗೆ ಗಡ್ಡೆ, ಕೊನ್ನ್ಯಾಕು, ಹೆಚ್ಚಿದ ಅಣಬೆ, ಕರಿದ ತೋಫು ಹಾಕಿ ಗಡ್ಡೆಗೆ ಕಡ್ಡಿ ಸಲೀಸಾಗಿ ಇಳಿಯುವವರೆಗೆ ಬೇಯಿಸು. ಶೋಯು 70 ಮಿಲಿ, ಸಕ್ಕರೆ ಒಂದೂವರೆ ದೊಡ್ಡ ಚಮಚ ಬೆಂದ ಮೇಲೆಯೇ ಹಾಕು. ಅವಸರ ಮಾಡಿ ಮೊದಲೇ ಉಪ್ಪು ಬಿದ್ದರೆ ಗಡ್ಡೆಯ ನಡುವೆ ಗಟ್ಟಿ ಉಳಿಯುತ್ತೆ, ಆಮೇಲೆ ಎಷ್ಟು ಉರಿಸಿದರೂ ಅಷ್ಟೇ. ನೆಗಿ ಅನ್ನೋ ಉದ್ದನೆಯ ಈರುಳ್ಳಿಯನ್ನು ಓರೆಯಾಗಿ ಹೆಚ್ಚಿ ಕೊನೆಗೆ ಹಾಕಿ, ಎರಡು ಕುದಿ ಬಂದರೆ ಇಳಿಸು.

ಸಿಹಿಗೆ ಜುಂದಾ ಇಟ್ಟಿದ್ದರೆ ಬಿಡಬೇಡ, ಅದು ಸೆಂದಾಯ್‌ನದೇ. ಹಸಿ ಸೋಯಾ ಕಾಳು ಬೇಯಿಸಿ, ಒಂದೊಂದರ ಒಳಸಿಪ್ಪೆಯನ್ನೂ ಬಿಡಿಸಿ, ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಅರೆದು ಮೊಚಿ ಅನ್ನೋ ಅಂಟಕ್ಕಿ ಕಡುಬಿನ ಮೇಲೆ ಬಳಿಯುತ್ತಾರೆ. ಹಿತಕಿದ ಅವರೆಬೇಳೆ ಮಾಡುವಷ್ಟೇ ಕೈಕೆಲಸ. ಸಿಪ್ಪೆ ಬಿಡಿಸೋಕೆ ಕೂತವರ ಜೊತೆ ನೀನೂ ಕೂರು, ಆ ಕೆಲಸ ನಿನಗೆ ಮನೆಯಲ್ಲೇ ರೂಢಿ.

ಕೊನೆಗೆ ಉಳಿದ ಸಾರಿಗೆ ಉದೊನ್ ಅನ್ನೋ ದಪ್ಪ ನೂಡಲ್ಸ್ ಮತ್ತು ಕರ್ರಿ ಮಸಾಲೆಯ ಅಚ್ಚು ಹಾಕಿ ಮತ್ತೊಂದು ಸುತ್ತು ಬಡಿಸ್ತಾರೆ. ಆ ಅಚ್ಚುಗಳಲ್ಲಿ ಹೆಚ್ಚಿನವು ಪ್ರಾಣಿ ಕೊಬ್ಬಿನವು, ನಿನ್ನ ಪಾತ್ರೆಗೆ ಬೀಳದ ಹಾಗೆ ನೋಡಿಕೋ. ನಿಮ್ಮಮ್ಮ ಕಳಿಸಿದ ಸಾಂಬಾರ್ ಪುಡಿ ಒಂದು ಚಮಚ ಹಾಕಿ ಕುದಿಸು, ಒಂದು ಚಮಚ ಆಲೂಗಡ್ಡೆ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಬೆರೆಸಿದರೆ ಮಂದ ಬರುತ್ತೆ. ಡಬ್ಬಿ ಪೂರ್ತಿ ತೆಗೆದುಕೊಂಡು ಹೋಗಬೇಡ, ವಾಪಸ್ ಬರೋಲ್ಲ.

ಇಂತಿ,
ನಿನ್ನ ಅತ್ತೆ